ಹೊಸ್ತಿಲ ಮೇಲೆ ನಿಂತ ಪಂಪಾವತಿ

ಮಸ್ಕಿಯ ಪಂಪಾವತಿಯ ಬಾಯಿ ಎಂದರೆ ಬಾಯಿ. ನಾಟಿ ಹಂಗಾಮಿನಲ್ಲಿ ಇಪ್ಪತ್ತು ಹೆಣ್ಣಾಳುಗಳನ್ನು ಟಂಟಂನಲ್ಲಿ ತುಂಬಿಕೊಂಡು ಸಿಂಧನೂರು ಕಡೆಯ ಗದ್ದೆಗಳಿಗೆ ಹೊರಟಳೆಂದರೆ ದಾರಿಯುದ್ದಕ್ಕೂ ಒಡಪು, ನಗು. ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವ ಆ ವಿದ್ಯೆಯನ್ನು ಮದುವೆ ಗೊತ್ತಾದ ಹುಡುಗಿಯರೆಲ್ಲ ಅವಳಿಂದಲೇ ಕಲಿಯುತ್ತಿದ್ದರು. ತನಗೇ ಗಂಡನಿಲ್ಲ ಎಂಬುದು ಅವಳ ಗುರುತನಕ್ಕೆ ಎಂದೂ ಅಡ್ಡ ಬರಲಿಲ್ಲ.

ಹುಟ್ಟಿದ್ದು ಗೊರೇಬಾಳದಲ್ಲಿ, ಪಕೀರಮ್ಮನ ಹಿರಿಯ ಮಗನಾಗಿ. ಹದಿನೆಂಟಕ್ಕೆ ಸೀರೆ ಉಟ್ಟಳು. ಅಪ್ಪ ಹೊರಗೆ ಹಾಕಿದ. ಅಪ್ಪ ತೀರಿಕೊಂಡ ಮೇಲೂ ಹೋಗಿಬರುವುದು ಅಷ್ಟಕ್ಕಷ್ಟೇ. ಈಗ ತಮ್ಮ ದುರುಗೇಶನ ಮದುವೆಗೆ ತಾಯಿಯೇ ಫೋನ್ ಮಾಡಿದ್ದಳು.

"ಬಾ. ಆದ್ರ ಮಂದಿ ಮುಂದ ಭಾಳ ಓಡ್ಯಾಡಬ್ಯಾಡ."

ಮದುಮಕ್ಕಳು ಮನೆಗೆ ಬಂದಾಗ ವರನ ಅಕ್ಕ ಬಾಗಿಲು ತಡೆದು, ಹೆಸರು ಹೇಳಿಸಿ, ಮುಂದೆ ಹುಟ್ಟುವ ಮಗಳನ್ನು ಸೊಸೆಯಾಗಿ ಕೇಳುವುದು ರೂಢಿ. ಆ ಹೊಸ್ತಿಲ ಮೇಲೆ ತಾನು ನಿಲ್ಲಬೇಕೆಂಬುದೊಂದೇ ಪಂಪಾವತಿಯ ಆಸೆ. ಕೇಳುವ ಧೈರ್ಯ ಮಾತ್ರ ಅಷ್ಟು ದೊಡ್ಡ ಬಾಯಿಗೂ ಬರಲಿಲ್ಲ. ಹೊಸ ಸೀರೆಯುಟ್ಟು ಅಡುಗೆಮನೆ ಸೇರಿ ಉಳ್ಳಾಗಡ್ಡಿ ಹೆಚ್ಚುತ್ತ ಕೂತಳು. ಕಣ್ಣೀರಿಗೆ ಒಳ್ಳೆಯ ನೆಪ.

ಮದುಮಕ್ಕಳು ಬಂದರು. "ಅಕ್ಕ-ತಂಗಿ ಯಾರೂ ಇಲ್ಲಲ್ಲ, ಸುಮ್ನ ಒಳಗ ಬರ್ರಿ," ಎಂದ ಸೋದರಮಾವ ನರಸಣ್ಣ.

ಮದುಮಗಳು ಭಾರತಿ ಕದಲಲಿಲ್ಲ. ಮೂರು ವರ್ಷ ಪಂಪಾವತಿಯ ಜೊತೆ ಸಸಿ ಹಚ್ಚಿದ ಹುಡುಗಿ ಅವಳು.

"ಪಂಪಕ್ಕ ಎಲ್ಲಿ? ವಾರಗಟ್ಟಲೆ ಒಡಪ ಬಾಯಿಪಾಠ ಮಾಡೀನ್ರಿ ಮಾವಾ. ಆಕೀಗೆ ಹೇಳದ ನಾ ಒಳಗ ಬರಂಗಿಲ್ಲ."

ಪಕೀರಮ್ಮ ಒಂದು ಗಳಿಗೆ ನೆಲ ನೋಡಿದಳು. ಆಮೇಲೆ ಅಡುಗೆಮನೆಗೆ ನಡೆದು, "ಏಳವ್ವಾ, ನಿನ್ನ ತಮ್ಮ ಬಿಸಲಾಗ ನಿಂತಾನ," ಎಂದಳು.

ಪಂಪಾವತಿ ಕೈ ಒರೆಸಿಕೊಂಡು ಬಂದು ಬಾಗಿಲ ತುಂಬ ನಿಂತಳು. ಭಾರತಿ ಗಂಟಲು ಸರಿಮಾಡಿಕೊಂಡಳು:

"ದಢೇಸುಗೂರ ಗದ್ದ್ಯಾಗ ಸಸಿ ಹಚ್ಚಿದ ಕೈ, ದುರುಗೇಶನ ಮನಿ ಸೇರಾಕ ದಾರಿ ಬಿಡ ತಾಯಿ!"

ಅಂಗಳವೆಲ್ಲ ಸಿಳ್ಳೆ.

"ಪಂಪೀ, ನಿನಗ ಮಗನ ಇಲ್ಲ, ಸೊಸಿ ತಗೊಂಡು ಏನ್ ಮಾಡ್ತಿ?" ನರಸಣ್ಣ ಕಿಚಾಯಿಸಿದ. ಎಲ್ಲರಿಗಿಂತ ಜೋರಾಗಿ ಪಂಪಾವತಿಯೇ ನಕ್ಕಳು. ಆಮೇಲೆ ಅವಳ ದನಿ ಇಳಿಯಿತು.

"ಸೊಸಿ ಬ್ಯಾಡ ಮಾವಾ. ಇವರಿಗೆ ಹೆಣ್ಣರ ಹುಟ್ಟಲಿ, ಗಂಡರ ಹುಟ್ಟಲಿ, ನನ್ನಂಥಾದರ ಹುಟ್ಟಲಿ, ಮನಿಯಿಂದ ಹೊರಗ ಹಾಕಬಾರ್ದು. ಇಷ್ಟ ಮಾತ ಕೊಡ್ರಿ."

ದುರುಗೇಶ ಬಾಯಿ ತೆರೆಯುವ ಮೊದಲೇ ಪಕೀರಮ್ಮ ಮುಂದೆ ಬಂದು ಮಗಳ ಅಂಗೈ ಮೇಲೆ ಕೈಯಿಟ್ಟಳು.

"ನಾ ಕೊಡ್ತೀನಿ. ನನ್ನ ಜೀವ ಇರೂತನಾ ಈ ಮನ್ಯಾಗ ಇನ್ನೊಮ್ಮೆ ಹಂಗ ಆಗಂಗಿಲ್ಲ."

"ಈಗರ ದಾರಿ ಬಿಡ ಅಕ್ಕಾ, ಕಾಲು ಸುಡಾಕತ್ಯಾವ," ಎಂದ ದುರುಗೇಶ.

ಪಂಪಾವತಿ ಅಷ್ಟು ಸುಲಭಕ್ಕೆ ಬಿಡುತ್ತಾಳೆಯೇ? ಮನೆ ಬಿಟ್ಟ ಇಪ್ಪತ್ತೆರಡು ವರ್ಷಕ್ಕೆ ಸಿಕ್ಕ ಜಾಗ. ತಮ್ಮನಿಂದಲೂ ಎರಡು ಒಡಪು ಹೇಳಿಸಿಯೇ ಸರಿದಳು.