ಬಿಂಬುಳಿ ಹಾಕಿ ತೊಳೆದ ವೀಣೆ

ನನ್ನ ಹೆಂಡತಿಯ ವೀಣೆ ನಮ್ಮ ಪುತ್ತೂರಿನ ಮನೆಯ ಕಪಾಟಿನ ಮೇಲೆ ಕಂಬಳಿ ಹೊದ್ದು ಮಲಗಿ ಇಪ್ಪತ್ತು ವರ್ಷ ದಾಟಿತ್ತು. ಮದುವೆಯಲ್ಲಿ ಅವಳ ಅಪ್ಪ ಕೊಟ್ಟದ್ದು, ಅವರೂ ಯಾರಿಂದಲೋ ಹಳತೇ ಕೊಂಡದ್ದು. ಹಲಸಿನ ಮರದ ಕೊಡದ ಮೇಲೆ ಒಂದು ಹಿತ್ತಾಳೆಯ ಬಳ್ಳಿ ಉಂಟು. ಮರವನ್ನು ಸಪೂರಕ್ಕೆ ಗೀರಿ, ಆ ಗೀರಿನೊಳಗೆ ಹಿತ್ತಾಳೆಯ ತಂತಿ ಕೂರಿಸಿ, ಅಲ್ಲಲ್ಲಿ ಕಿರುಬೆರಳಿನ ಉಗುರಿನಷ್ಟು ತಗಡಿನ ಎಲೆ ಇಟ್ಟದ್ದು. ಅವಳು ನುಡಿಸುದನ್ನು ಯಾಕೆ ಬಿಟ್ಟಳು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಕತೆ ಏನೂ ಇಲ್ಲ. ನಾನು ಬಸ್ಸಿನ ಕಂಡಕ್ಟರ್ ಆಗಿದ್ದವ. ಇಡೀ ದಿನ ಹಾರ್ನು, ಸೀಟಿ. ಮನೆಗೆ ಬಂದರೆ ಸದ್ದಿಲ್ಲದಿದ್ದರೆ ಸಾಕು ಅನಿಸುತ್ತಿತ್ತು. ನುಡಿಸಬೇಡ ಅಂತ ಒಂದು ದಿನವೂ ಹೇಳಿದವನಲ್ಲ. ನುಡಿಸು ಅಂತಲೂ ಹೇಳಿದವನಲ್ಲ. ಅದು ತಪ್ಪು ಅಂತ ಹೊಳೆದದ್ದು ನಿವೃತ್ತಿಯಾದ ಮೇಲೆ.

ಹೋದ ವರ್ಷ ನವರಾತ್ರಿಗೆ ಮೊದಲು ಅವಳು ಎಂಟು ದಿನಕ್ಕೆಂದು ಕಲ್ಲುಗುಂಡಿಯ ತವರಿಗೆ ಹೊರಟಳು. ಹೊರಡುವಾಗ ಕಪಾಟಿನ ಮೇಲೆ ಕಣ್ಣು ಹಾಯಿಸಿ, ಬಂದ ಮೇಲೆ ಇದನ್ನು ಕಲಿಯುವ ಮಕ್ಕಳಿಗೆ ಯಾರಿಗಾದರೂ ಕೊಟ್ಟುಬಿಡುವ, ಸುಮ್ಮನೆ ಧೂಳು ಹಿಡೀತದೆ ಅಂದಳು. ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಅವಳು ಬರುವಷ್ಟರಲ್ಲಿ ವೀಣೆಯನ್ನು ಫಳಫಳ ಮಾಡಿಟ್ಟರೆ, ನೋಡಿದವಳಿಗೆ ಒಮ್ಮೆ ಕೈಹಾಕುವ ಆಸೆ ಆದೀತು, ಕೊಡುವ ಮಾತು ಮರೆತೀತು ಅಂತ ಉಪಾಯ ಹೂಡಿದೆ.

ನಮ್ಮಲ್ಲಿ ಹಿತ್ತಾಳೆ ಕಪ್ಪಾದರೆ ಎಂತ ಮಾಡುದು? ಬಿಂಬುಳಿ. ಹಿತ್ತಲಿನ ಆ ಹುಳಿಕಾಯಿ ಜಜ್ಜಿ ತಿಕ್ಕಿದರೆ ದೀಪ, ಚೆಂಬು, ಗಂಟೆ ಎಲ್ಲ ಚಿನ್ನದ ಹಾಗೆ. ವೀಣೆಯ ಬಳ್ಳಿಯೂ ಹಿತ್ತಾಳೆಯೇ ಅಲ್ವಾ? ಒಂದು ಬುಟ್ಟಿ ಬಿಂಬುಳಿ ಜಜ್ಜಿ ತಿಕ್ಕಿದೆ. ಅರ್ಧ ಗಂಟೆ ನೆನೆಯಲಿಕ್ಕೂ ಬಿಟ್ಟೆ, ಮಹಾ ಬುದ್ಧಿವಂತ. ಮತ್ತೆ ನಾಲ್ಕು ಚೆಂಬು ನೀರು ಹೊಯ್ದು ತೊಳೆದು ಜಗಲಿಯಲ್ಲಿ ಒರಗಿಸಿದೆ. ಊಟ ಮಾಡಿ, ಸಣ್ಣ ನಿದ್ದೆ ತೆಗೆದು ಬಂದು ನೋಡಿದರೆ ಮರ ಬಾತು, ತಂತಿ ಗೀರಿನಿಂದ ಎದ್ದು ನಿಂತಿದೆ. ಒಂದು ಎಲೆ ಇಲ್ಲವೇ ಇಲ್ಲ. ತೊಳೆದ ನೀರಿನೊಟ್ಟಿಗೆ ತೆಂಗಿನ ಬುಡಕ್ಕೆ ಹೋಗಿರಬೇಕು. ಸಂಜೆವರೆಗೆ ಮಣ್ಣು ಕೆದಕಿದೆ, ಸಿಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ನನ್ನನ್ನು ನಾನೇ ಬೈದುಕೊಂಡೆ.

ರಾಮಕುಂಜದ ಹತ್ತಿರ ವಯಸ್ಸಾದ ಆಚಾರ್ರೊಬ್ಬರು ಇದ್ದಾರೆ. ಚಿನ್ನದ ಕೆಲಸದವರು, ಮರಕ್ಕೆ ಲೋಹ ಕೂರಿಸುವುದೂ ಗೊತ್ತು. ವೀಣೆಯನ್ನು ಕಂಬಳಿಯಲ್ಲಿ ಸುತ್ತಿ, ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಹೋದೆ. ಲಗೇಜು ಲಗೇಜು ಅಂತ ಎಷ್ಟು ಜನರ ಗೋಳು ಹೊಯ್ದುಕೊಂಡಿದ್ದೆನೋ ಏನೋ, ಆ ದಿನ ಕಂಡಕ್ಟರನೊಬ್ಬ ನನ್ನನ್ನೇ ಹಿಂದಿನ ಸೀಟಿಗೆ ಅಟ್ಟಿದ.

ಆಚಾರ್ರು ವೀಣೆಯನ್ನು ಮೂಸಿ ನೋಡಿ, ಬಿಂಬುಳಿಯಾ ಅಂತ ಕೇಳಿದರು. ಹೌದು ಅಂದೆ. ಇದು ಕಾಲುದೀಪ ಅಲ್ಲ ಮಾರಾಯ್ರೆ ಅಂತ ಶುರು ಮಾಡಿದವರು ಒಳಗಿನಿಂದ ಕಾಫಿ ಬರುವವರೆಗೆ ಬೈದರು. ಬೈಸಿಕೊಳ್ಳಲಿಕ್ಕೆ ಯೋಗ್ಯನೇ, ಬೈಸಿಕೊಂಡೆ. ಮರ ನೆರಳಿನಲ್ಲಿ ನಾಲ್ಕು ದಿನ ಒಣಗಬೇಕು, ಮತ್ತೆಯೇ ಕೈಹಾಕುದು ಅಂದರು. ವೀಣೆಯನ್ನು ಅಲ್ಲೇ ಬಿಟ್ಟು ಬಂದೆ.

ಐದನೇ ದಿನ ಪುನಃ ಹೋಗಿ ಅವರ ಪಕ್ಕ ಕೂತೆ. ಗೀರು ಬಾಯಲ್ಲಿ ಸಪೂರ, ಬುಡದಲ್ಲಿ ಅಗಲ ಇರುತ್ತದಂತೆ. ತಂತಿ ಇಟ್ಟು ಮೆಲ್ಲ ಬಡಿದರೆ ಅದು ಒಳಗೆ ಹರಡಿ ಕಚ್ಚಿಕೊಳ್ಳುತ್ತದೆ, ಅಂಟು ಬೇಡ. ಅವರು ಒಂದು ಬೆರಳಷ್ಟು ಬಡಿಯುವುದು, ಉಗುರಿನಲ್ಲಿ ಸವರಿ ನೋಡುವುದು, ಪುನಃ ಬಡಿಯುವುದು. ಸುಳ್ಳು ಯಾಕೆ ಹೇಳಲಿ, ತಲೆ ಮೇಲೆ ಅಷ್ಟು ದೊಡ್ಡ ಚಿಂತೆ ಇದ್ದರೂ ನೋಡುತ್ತಾ ಕೂರುವುದು ಬಹಳ ಸುಖವಾಗಿತ್ತು. ಕಳೆದ ಎಲೆಯ ಜಾಗಕ್ಕೆ ಹೊಸ ತಗಡು ಕತ್ತರಿಸಿ ಕೂರಿಸಿದರು. ಹೊಸತು ಯಾವುದು, ಹಳತು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಸರಿ, ಬಾಯಿ ಮುಚ್ಚಿಕೊಂಡರೆ ಬಚಾವು ಅಂದುಕೊಂಡು ವೀಣೆ ಹೊತ್ತು ಮನೆಗೆ ಬಂದೆ.

ಭಾನುವಾರ ಅವಳು ಬಂದಳು. ವೀಣೆ ಜಗಲಿಯಲ್ಲಿ ಹೊಳೆಯುತ್ತಾ ಇತ್ತು. ಚೀಲ ಕೆಳಗಿಟ್ಟು, ಪಕ್ಕದಲ್ಲಿ ಕೂತು ಬಳ್ಳಿಯ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. ಈ ಎಲೆ ಮೊದಲಿನದ್ದಲ್ಲ, ಅದರ ಅಂಚು ನನ್ನ ಮಣಿಕಟ್ಟು ತಾಗಿ ತಾಗಿ ಸವೆದಿತ್ತು, ಇದು ಚೂಪುಂಟು ಅಂದಳು. ಇಪ್ಪತ್ತು ವರ್ಷ ಮುಟ್ಟದ ವೀಣೆ! ಮುಚ್ಚಿಡುವ ಧೈರ್ಯ ಅಲ್ಲಿಗೇ ಮುಗಿಯಿತು. ಬಿಂಬುಳಿಯಿಂದ ಹಿಡಿದು ಹಿಂದಿನ ಸೀಟಿನವರೆಗೆ ಎಲ್ಲ ಹೇಳಿದೆ. ನಿನ್ನ ಅಪ್ಪ ಕೊಟ್ಟದ್ದನ್ನು ಹಾಳು ಮಾಡಿದೆ ಅಂತಲೂ ಹೇಳಿದೆ. ಇಷ್ಟೆಲ್ಲ ಯಾಕೆ ಮಾಡಲಿಕ್ಕೆ ಹೋದದ್ದು ಅಂತ ಕೇಳಿದಳು.

"ಯಾರಿಗೂ ಕೊಡುದು ಬೇಡ ಮಾರಾಯ್ತಿ," ಅಂದೆ. ಹೇಳುವಾಗ ನಾಚಿಕೆಯೂ ಆಯಿತು. "ನೀನು ನುಡಿಸು. ನನಗೆ ಕೇಳಬೇಕು."

ಅವಳು ಸೆರಗಿನಿಂದ ಆ ಹೊಸ ಎಲೆಯನ್ನು ಒಮ್ಮೆ ಒರೆಸಿದಳು.

"ಇಷ್ಟನ್ನು ಬಾಯಿ ಬಿಟ್ಟು ಹೇಳಿದ್ದರೆ ಬಿಂಬುಳಿ ಎಂತಕ್ಕೆ ಬೇಕಿತ್ತು?" ಅಂತ ಹೇಳಿ, ಚಾಪೆ ತರಲಿಕ್ಕೆ ಒಳಗೆ ಹೋದಳು.