ಮುಟ್ಟದ ಸುದ್ದಿ

ಈಗ ತರಗತಿಯಲ್ಲಿ ನಾನು ‘ಸಂಕೇತ’ ಎನ್ನುತ್ತೇನೆ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಪದ. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಕಕ್ಕುತ್ತಾರೆ, ಮರೆಯುತ್ತಾರೆ. ನನಗೂ ಅಷ್ಟೇ ಸಾಕು. ಅದಕ್ಕೆ ಮೊದಲು ಏಳು ವರ್ಷ ಬೇರೊಂದು ಪದ ಬಳಸುತ್ತಿದ್ದೆ. ಆ ಪದ ಹುಡುಕಿದ್ದಕ್ಕೆ ನನಗೆ ಸಿಕ್ಕಾಪಟ್ಟೆ ಜಂಬವಿತ್ತು.

ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಮುಂಗಾರಿನಲ್ಲಿ ಹೊಂಡಗಳು ತುಂಬಿದ ಕೂಡಲೇ ಕಪ್ಪೆಯ ಮೊಟ್ಟೆಗಳನ್ನು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ತಂದು ಪ್ರಯೋಗಾಲಯದ ಕಿಟಕಿಯ ಬಳಿ ಇಡುತ್ತಿದ್ದೆ. ಬೆಂದ ಸಬ್ಬಕ್ಕಿಯ ಹಾಗೆ ಅಂಟಂಟು, ಒಂದೊಂದು ಕಾಳಿನೊಳಗೂ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಒಡೆದೊಡೆದು ಸಾವಿರಾರು ಜೀವಕೋಶಗಳಾಗುತ್ತವೆ. ಅವುಗಳಲ್ಲಿ ಹೃದಯವಾಗುವುದು ಯಾವುದು, ಕಣ್ಣಾಗುವುದು ಯಾವುದು? ತಾನೇನಾಗಬೇಕೆಂದು ಜೀವಕೋಶಕ್ಕೆ ತಾನಾಗಿ ತಿಳಿಯುವುದಿಲ್ಲ. ಪಕ್ಕದವು ಒಂದು ರಾಸಾಯನಿಕವನ್ನು ಸ್ರವಿಸಿ ತಿಳಿಸಬೇಕು. ಇದಕ್ಕೆ ‘ಸಿಗ್ನಲ್’ ಎಂದರೆ ಹುಡುಗರಿಗೆ ಮೊಬೈಲ್ ಟವರ್ ನೆನಪಾಗಿ ನಗು ಬರುತ್ತಿತ್ತು. ಹಾಗಾಗಿ ನಾನು ‘ಸುದ್ದಿ’ ಎಂದೆ. ಪಕ್ಕದ ಜೀವಕೋಶ ಸುದ್ದಿ ಮುಟ್ಟಿಸುತ್ತದೆ, ಇದು ಹೃದಯವಾಗುತ್ತದೆ. ಅವರಿಗೆ ತಟ್ಟನೆ ಅರ್ಥವಾಯಿತು.

ಆಮೇಲೆ ಒಂದು ಪ್ರಯೋಗ ವಿವರಿಸುತ್ತಿದ್ದೆ. ಕಪ್ಪೆಯ ಭ್ರೂಣದ ನೆತ್ತಿಯಿಂದ ಒಂದು ಚೂರು ಕತ್ತರಿಸಿ ಬರೀ ಉಪ್ಪುನೀರಿನಲ್ಲಿ ಬಿಟ್ಟರೆ ಅದು ಚರ್ಮದ ಉಂಡೆಯಾಗಿ ಉಳಿದುಬಿಡುತ್ತದೆ. ಅದೇ ಚೂರಿಗೆ ಒಂದು ಪ್ರೋಟೀನನ್ನು ಸ್ವಲ್ಪ ಕೊಟ್ಟರೆ ಮಾಂಸಖಂಡ, ಹೆಚ್ಚು ಕೊಟ್ಟರೆ ಮಿಡಿಯುವ ಹೃದಯ. ಜೊತೆಗೆ ಎ ಜೀವಸತ್ವದ ಸಂಬಂಧಿಯೊಂದನ್ನು ಬೆರೆಸಿದರೆ ಮೂತ್ರಪಿಂಡದ ನಾಳಗಳು. ಏಳನೆಯ ವರ್ಷ, ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಸುದ್ದಿ ಮುಟ್ಟದಿದ್ರೆ?”

“ಮುಟ್ಟದಿದ್ರೆ ಉಂಡೆ ಆಗಿ ಕುಂತ್ಕಳ್ತೈತಮ್ಮ, ನಿಮ್ಮ ಬೆಂಚಿನ ಥರ” ಎಂದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಇಷ್ಟು ಜಾಣನಾದ ನಾನು ಒಂದನ್ನು ಮರೆತಿದ್ದೆ. ನಮ್ಮ ಕಡೆ ನಡುಗುವ ದನಿಯಲ್ಲಿ ಯಾರಾದರೂ ‘ಸುದ್ದಿ’ ಎಂದರೆ ಅದಕ್ಕೆ ಒಂದೇ ಅರ್ಥ. ಯಾರೋ ಸತ್ತಿದ್ದಾರೆ.

ಆ ವರ್ಷವೇ ಹೆಂಡತಿ ಬಸುರಿಯಾದಳು, ಮದುವೆಯಾಗಿ ಆರು ವರ್ಷಕ್ಕೆ. ಐದನೇ ತಿಂಗಳಲ್ಲಿ ಮಾಡಿಸಬೇಕಿದ್ದ ಸ್ಕ್ಯಾನ್ ನನ್ನ ಮೌಲ್ಯಮಾಪನದ ಗಡಿಬಿಡಿಯಲ್ಲಿ ತಪ್ಪಿಹೋಯಿತು. ಏಳು ತುಂಬುವ ಹೊತ್ತಿಗೆ, ಸೀಮಂತಕ್ಕೆ ಹತ್ತು ದಿನ ಇರುವಾಗ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ವೈದ್ಯೆ ಪರದೆಯನ್ನು ಬಹಳ ಹೊತ್ತು ನೋಡಿದರು.

“ಒಳಗೆ ನೀರೇ ಇಲ್ಲ ಸರ್. ಎರಡೂ ಕಿಡ್ನಿ ಕಾಣ್ತಿಲ್ಲ.”

ಹೆಂಡತಿ ಹೊಟ್ಟೆಯ ಮೇಲಿನ ಅಂಟನ್ನು ಒರೆಸಿಕೊಳ್ಳುತ್ತ, “ಒದೀತಾ ಐತಲ್ಲ ಮೇಡಂ, ಈಗ್ಲೂ ಒದೀತಾ ಐತೆ” ಎಂದಳು.

ವೈದ್ಯೆ ಮುಂದೆ ಹೇಳಿದ್ದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದೇ ನನ್ನ ಕರ್ಮ. ಹೊಟ್ಟೆಯೊಳಗೆ ಮಗುವಿನ ಸುತ್ತ ಇರುವ ನೀರು ಬಹುಪಾಲು ಮಗುವಿನದೇ ಮೂತ್ರ. ಅದಿಲ್ಲದೆ ಶ್ವಾಸಕೋಶ ಬಲಿಯುವುದಿಲ್ಲ. ಒಳಗಿರುವಷ್ಟು ದಿನ ಮಗುವಿನ ರಕ್ತವನ್ನು ತಾಯಿಯೇ ತೊಳೆಯುತ್ತಾಳೆ, ಆದ್ದರಿಂದ ಅದು ಆರಾಮಾಗಿ ಒದೆಯುತ್ತ ಇರುತ್ತದೆ. ಹೊರಗೆ ಬಂದ ದಿನವೇ ಸಾಯುತ್ತದೆ.

ಹೊರಗೆ ರಸ್ತೆಯ ಗದ್ದಲದಲ್ಲಿ ನಿಂತು ಹೊಸದುರ್ಗದಲ್ಲಿರುವ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿದೆ. ವಿವರವಾಗಿ ಹೇಳಬೇಕೆಂದುಕೊಂಡಿದ್ದೆ. ಆದರೆ ಬಾಯಿಗೆ ಬಂದದ್ದು ಏಳು ವರ್ಷ ಬೋರ್ಡಿನ ಮುಂದೆ ನಿಂತು ಆಡಿದ ಮಾತೇ.

“ಭಾವ, ಸುದ್ದಿ... ಸುದ್ದಿ ಮುಟ್ಟಿಲ್ಲ ಭಾವ...”

ಅಷ್ಟಕ್ಕೆ ಅಳು ಬಂತು. ಫೋನ್ ಕತ್ತರಿಸಿದೆ. ಭಾವ ಮತ್ತೆ ಮತ್ತೆ ಮಾಡಿದ, ನಾನು ಎತ್ತಲಿಲ್ಲ. ಹೆಂಡತಿಯ ಫೋನೂ ನನ್ನ ಚೀಲದಲ್ಲೇ ಇತ್ತು, ಸದ್ದಡಗಿಸಿ ಇಟ್ಟಿದ್ದೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: “ರೀ, ನಿಮ್ಮ ಕಪ್ಪೆ ಪಾಠದಾಗೆ ಇದಕ್ಕೆ ಏನಂತಾರೆ?”

“ಮೂತ್ರಪಿಂಡ ಆಗಬೇಕಂದ್ರೆ ಎರಡು ಕಡೆ ಜೀವಕೋಶ ಒಂದಕ್ಕೊಂದು ಸುದ್ದಿ ಕೊಡಬೇಕು. ಕೊಟ್ಟಿಲ್ಲ.”

“ಯಾರು ಕೊಟ್ಟಿಲ್ಲ? ನಾನಾ?”

“ನೀನಲ್ಲ.”

“ಮತ್ಯಾರು?”

ನನ್ನ ಎಂ.ಎಸ್ಸಿ.ಗೆ ಬೆಂಕಿ ಬಿತ್ತು.

ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ತಿರುವಿಗೆ ಬಂದಾಗಲೇ ಗೋಳು ಕೇಳಿಸಿತು. ನಮ್ಮ ಬಾಗಿಲ ಮುಂದೆ ಎರಡು ಗಾಡಿ ನಿಂತಿದ್ದವು. ಹೊಸದುರ್ಗದಿಂದ ಅವಳ ತಾಯಿ, ಅಣ್ಣ. ಹಿರಿಯೂರಿನಿಂದ ಅವಳ ಸೋದರತ್ತೆಯ ಮನೆಯವರೆಲ್ಲ. ಅಣ್ಣನ ಕೈಯಲ್ಲಿ ಒಂದು ದೊಡ್ಡ ಹಾರವಿತ್ತು. ತಾಯಿಯ ಮಡಿಲಲ್ಲಿ ಹಸಿರು ಸೀರೆ. ಮುತ್ತೈದೆ ಸತ್ತರೆ ಹೊದಿಸಲು ತವರಿನ ಸೀರೆ ಬರಬೇಕು. ಅವಸರದಲ್ಲಿ ಬೇರೆ ಸಿಗದೆ ಸೀಮಂತಕ್ಕೆಂದು ತೆಗೆದಿಟ್ಟಿದ್ದನ್ನೇ ತಂದಿದ್ದರು. ನನ್ನ ಬಾಯಿಂದ ಬಿದ್ದ ಒಂದು ಪದ ಎರಡು ಗಂಟೆಯೊಳಗೆ ಮೂರು ತಾಲ್ಲೂಕು ಮುಟ್ಟಿತ್ತು. ಮುಟ್ಟಬೇಕಾಗಿದ್ದ ಸುದ್ದಿ ಮಾತ್ರ ಕೂದಲೆಳೆಯಷ್ಟು ದೂರ ಹೋಗಿರಲಿಲ್ಲ.

ಹೆಂಡತಿ ನಡೆದು ಬರುವುದನ್ನು ಕಂಡು ತಾಯಿ ಚೀರಿದರು. ಓಡಿಬಂದು ಅವಳ ಕೆನ್ನೆ, ಕೈ, ತಲೆ ಸವರಿದರು. ನಾನು ತೊದಲುತ್ತ ನಡೆದದ್ದನ್ನು ಹೇಳಿದೆ. ಅಲ್ಲಿದ್ದ ಒಬ್ಬರ ಮುಖದಲ್ಲೂ ದುಃಖ ಬರಲಿಲ್ಲ. ಅವರಿಗಾದದ್ದು ಖುಷಿ. ಎರಡು ಗಂಟೆ ಹೊತ್ತು ಸತ್ತಿದ್ದ ಮಗಳು ಎದುರಿಗೆ ನಿಂತಿದ್ದಳು. ಅವರನ್ನು ಬೈಯಲು ನನಗೆ ಯಾವ ಬಾಯಿ?

“ಕೂಸು ಹೋದ್ರೆ ಇನ್ನೊಂದು ಆಗ್ತೈತೆ. ನೀನು ಅದೀಯಲ್ಲ ನನ್ನವ್ವ, ಅಷ್ಟು ಸಾಕು” ಎಂದು ತಾಯಿ ಅಲ್ಲೇ ಆ ಸೀರೆಯನ್ನು ಅವಳಿಗೆ ಹೊದಿಸಿ ದೃಷ್ಟಿ ತೆಗೆದರು. ಅಣ್ಣ ಹಾರವನ್ನು ಬೇಲಿಯಾಚೆ ಎಸೆದು ನನ್ನ ಬೆನ್ನಿಗೊಂದು ಗುದ್ದಿ, “ಏನಪ್ಪ ಮೇಷ್ಟ್ರೇ, ಜೀವಾನೇ ತೆಗೆದ್ಬಿಟ್ಟಿದ್ರಲ್ಲ” ಎಂದು ನಕ್ಕ. ಯಾರೋ ಟೀ ಮಾಡಿದರು. ಹೆಂಡತಿ ಹಸಿರು ಸೀರೆಯ ಕೆಳಗೆ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಅದು ಇನ್ನೂ ಒದೆಯುತ್ತಿತ್ತು.

ಬೇಕಾದರೆ ಈಗಲೇ ತೆಗೆಸಲು ಮೇಲಿನವರ ಅನುಮತಿ ಕೇಳಬಹುದೆಂದು ವೈದ್ಯೆ ಹೇಳಿದ್ದರು. ಹೆಂಡತಿ ಒಪ್ಪಲಿಲ್ಲ. “ಒದೆಯೋವರ್ಗೂ ಇರ್ಲಿ” ಎಂದಳು. ಐದು ವಾರ ಇತ್ತು. ಆ ಐದು ವಾರ ನಾನು ಕಾಲೇಜಿಗೆ ಹೋಗಿ ಪಾಠ ಮಾಡಿದೆ, ಹೇಗೆ ಮಾಡಿದೆನೋ ಗೊತ್ತಿಲ್ಲ. ಬೇಸಿನ್ನಿನಲ್ಲಿ ಗೊದಮೊಟ್ಟೆಗಳು ಹುಟ್ಟಿದ್ದವು. ಒಂದಕ್ಕೂ ಯಾವುದೂ ಕಡಿಮೆಯಿರಲಿಲ್ಲ. ಒಂದು ಬೆಳಿಗ್ಗೆ ಬೇಸಿನ್ನನ್ನು ಒಯ್ದು ಅವುಗಳನ್ನು ಹೊಂಡಕ್ಕೆ ಚೆಲ್ಲಿಬಂದೆ.

ಮಗು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹುಟ್ಟಿತು. ಹೆಣ್ಣು. ಅವಳಮ್ಮನ ಮೂಗು. ಮುಕ್ಕಾಲು ಗಂಟೆ ಉಸಿರಿಗೆ ಒದ್ದಾಡಿ ತಾಯಿಯ ಎದೆಯ ಮೇಲೆಯೇ ಹೋಯಿತು. ವೈದ್ಯರು ಈಗಲೇ ಹೋಗಬೇಡಿ ಎಂದರೂ ಹೆಂಡತಿ ಆಸ್ಪತ್ರೆಯಲ್ಲಿ ಉಳಿಯಲು ಒಪ್ಪಲಿಲ್ಲ. ಮಧ್ಯಾಹ್ನ ಅವಳ ಅಣ್ಣನ ಕಾರಿನಲ್ಲಿ ಹೊಳಲ್ಕೆರೆಗೆ ಬಂದೆವು, ಮಗುವನ್ನು ಆ ಹಸಿರು ಸೀರೆಯಲ್ಲಿ ಸುತ್ತಿಕೊಂಡು.

“ಎಲ್ರಿಗೂ ಸುದ್ದಿ ಹೇಳಿದ್ರಾ?” ಎಂದು ಅವಳು ಕೇಳಿದಳು.

ಅಣ್ಣ ತಲೆ ತಗ್ಗಿಸಿದ. “ಇಷ್ಟು ಎಳೇದಕ್ಕೆ ಸುದ್ದಿ ಹೇಳಾದಿಲ್ಲ ಕಣವ್ವ. ನಾವು ನಾವೇ ಹೋಗಿ ಮಣ್ಣು ಮಾಡಿ ಬರಾಣ.”

ಅವಳು ನನ್ನ ಜೇಬಿನಿಂದ ಫೋನ್ ತೆಗೆದುಕೊಂಡು ಹಿರಿಯೂರಿಗೆ ಮಾಡಿದಳು. ದನಿ ನಡುಗಲಿಲ್ಲ.

“ಅತ್ತೆ, ಒಂದು ಸುದ್ದಿ ಐತೆ. ನನ್ನ ಮಗಳು ಹೋದ್ಲು. ಇವತ್ತೇ ಮಣ್ಣು. ಬರ್ರಿ.”

ಆ ಕಡೆಯ ಮಾತು ನನಗೂ ಕೇಳಿಸಿತು. “ಅಯ್ಯೋ ನನ್ನವ್ವ, ಇದಕ್ಕೆಲ್ಲ ಸುದ್ದಿ ಹೇಳ್ತಾರೇನೇ? ನೀನು ಮಲ್ಕೋ ಹೋಗು.”

ಅವಳು ಮಲಗಲಿಲ್ಲ. ಹಿರಿಯೂರಿನವರು ಬರುವವರೆಗೆ ಮಗುವನ್ನು ಕೊಡುವುದಿಲ್ಲ ಎಂದು ಸೆರಗಿನೊಳಗೆ ಇಟ್ಟುಕೊಂಡು ಕೂತಳು. ಅವತ್ತು ಎರಡು ಗಂಟೆಯಲ್ಲಿ ಬಂದಿದ್ದರಲ್ಲ, ಬರುತ್ತಾರೆ ಎಂದಳು. ಸಂಜೆ ಐದಕ್ಕೆ ಆ ಕಡೆಯ ಬಸ್ಸು ಬರುವ ಹೊತ್ತು. ನಾನು ನಿಲ್ದಾಣಕ್ಕೆ ಹೋಗಿ ನಿಂತೆ. ಬಸ್ಸು ಬಂತು. ಜನ ಇಳಿದರು, ಮೂಟೆಗಳು ಇಳಿದವು. ನಮ್ಮವರು ಯಾರೂ ಇಳಿಯಲಿಲ್ಲ. ಅದನ್ನು ಅವಳಿಗೆ ಹೋಗಿ ಹೇಳಬೇಕಿತ್ತು.