ದೊಡ್ಡವರು ಯಾರು ಬಂದಿದ್ದೀರಿ?

ಇಪ್ಪತ್ತೈದು ತುಂಬಿದ ಮೇಲೂ ಯಾರಾದರೂ ನನ್ನನ್ನು ‘ಯಜಮಾನ್ರೇ’ ಎಂದರೆ, ಅಪ್ಪ ಬಂದನೇನೋ ಎಂದು ನಾನು ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಕೊಯಮತ್ತೂರಿನ ಕಾಲೇಜಿನಲ್ಲಿ ಫೇಲಾಗಿ ಧನಗೆರೆಗೆ ವಾಪಸಾದವನು ನಾನು. ನೇಗಿಲು ಹಿಡಿದರೆ ಎತ್ತುಗಳೇ ನಿಂತು ನೋಡುತ್ತಿದ್ದವು. ಪುಸ್ತಕ ಹಿಡಿದರೆ ನಿದ್ದೆ ಬರುತ್ತಿತ್ತು. ಓರಗೆಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗುವಾಗ ನಾನಿನ್ನೂ ಅವ್ವ ಕೂಗಿದರೆ ಊಟಕ್ಕೆ ಏಳುತ್ತಿದ್ದೆ.

ನಮ್ಮ ಮನೆಯ ರೇಷ್ಮೆ ಹುಳುವಿಗೆ ಈ ಕಷ್ಟವಿರಲಿಲ್ಲ. ಹುಳು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದು, ಹೊಟ್ಟೆ ಬಿರಿಯ ತಿಂದು ಹಣ್ಣಾಯಿತೆಂದರೆ ಚಂದ್ರಿಕೆಯೆಂಬ ಬಿದಿರಿನ ತಟ್ಟೆಗೆ ಬಿಡುತ್ತಾರೆ. ಅಲ್ಲಿ ಅದು ಯಾರನ್ನೂ ಕೇಳದೆ ಗೂಡು ಕಟ್ಟುತ್ತದೆ. ಮನುಷ್ಯ ಹಣ್ಣಾದನೆಂದು ಮುಟ್ಟಿ ನೋಡಿ ಹೇಳುವವರು ಯಾರೂ ಇಲ್ಲ. ಬಾಳನ್ನು ನಾಲ್ಕು ಆಶ್ರಮಗಳಾಗಿ ಹಂಚಿದ ಹಿರಿಯರೂ, ಒಂದರಿಂದ ಇನ್ನೊಂದಕ್ಕೆ ಕಾಲಿಡಲು ಹೆದರುವವನು ಅಲ್ಲಿಯವರೆಗೆ ಎಲ್ಲಿ ಕೂತಿರಬೇಕೆಂದು ತಿಳಿಸಲಿಲ್ಲ.

ಆ ವರ್ಷ ಬೇಸಗೆಯಲ್ಲಿ ಅಪ್ಪನ ಪಾದಕ್ಕೆ ಮುಳ್ಳು ಹೊಕ್ಕಿತು. ಅವನು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಕಾಲು ಬಾತು, ಬೆರಳು ಕಪ್ಪಗಾಗಿ, ಮೈ ಕಾದು ಬಡಬಡಿಸತೊಡಗಿದಾಗ ನಾನೂ ಅವ್ವನೂ ಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದೆವು.

ಡಾಕ್ಟರು ಕಾಲನ್ನು ನೋಡಿ, ನನ್ನನ್ನೂ ನೋಡಿ, ‘ಜೊತೆಗೆ ದೊಡ್ಡವರು ಯಾರು ಬಂದಿದ್ದೀರಿ?’ ಎಂದರು. ನಾನು ಅಭ್ಯಾಸದಂತೆ ಹಿಂದೆ ತಿರುಗಿದೆ. ಗೋಡೆ ಇತ್ತು.

‘ಮೊಣಕಾಲ ಕೆಳಗೆ ತೆಗೆಯಬೇಕು. ಇಲ್ಲವಾದರೆ ಜೀವ ಉಳಿಯುವುದಿಲ್ಲ. ನೀವು ಒಪ್ಪಬೇಕು.’

‘ಮುಳ್ಳೂರಿಂದ ನಮ್ ದೊಡ್ಡಪ್ಪ ಬರ್ಲಿ, ಸಾ. ಅವ್ರನ್ ಕೇಳಿ ಯೋಳ್ತೀನಿ.’

‘ಅಷ್ಟು ಹೊತ್ತಿಲ್ಲ.’

ಅಪ್ಪ ಅರೆಗಣ್ಣು ತೆರೆದು, ‘ಬ್ಯಾಡ ಕಣ್ಲಾ. ಊರ್ಗೆ ಕರ್ಕಂಡು ಓಗು’ ಎಂದ. ಅವನ ಮಾತು ಮೀರಿ ನನಗೆ ಅಭ್ಯಾಸವಿರಲಿಲ್ಲ. ಅವ್ವನ ಮುಖ ನೋಡಿದೆ.

‘ನನ್ನೇನ್ ನೋಡೀಯ ಮಗ. ನೀನೇ ಯೋಳು. ಇಲ್ಲಿ ಇನ್ಯಾರವ್ರೆ?’ ಎಂದಳು.

‘ತೆಗೀರಿ ಸಾ’ ಎಂದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ಕಟ್ಟಿದ್ದ ಎತ್ತುಗಳಿಗೆ ಗಾಡಿಯಲ್ಲಿದ್ದ ಹುಲ್ಲು ಹಾಕಿದೆ.

ಅಪ್ಪ ಉಳಿದ. ಮನೆಗೆ ಬಂದ ಮೇಲೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ, ನಾನು ಹೊಲಕ್ಕೆ ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಬೈಸಿಕೊಳ್ಳುವವನು ಇನ್ನೂ ಮಗುವೇ ತಾನೆ.

ಮುಂಗಾರು ಬಿದ್ದ ಮಾರನೆಯ ಬೆಳಿಗ್ಗೆ ಅವನೇ ಕರೆದ. ‘ದಿಣ್ಣೆ ಒಲಕ್ಕೆ ಈ ಸಲ ಏನ್ ಆಕೀಯ?’

ಅಲ್ಲಿಯವರೆಗೆ ಅವನು ಹೇಳಿದ್ದನ್ನೇ ಬಿತ್ತಿದವನು ನಾನು. ‘ನೀನೇ ಯೋಳಪ್ಪ. ನಂಗೇನ್ ಗೊತ್ತು?’ ಎಂದೆ.

‘ನಂಗ್ ಮಾತ್ರ ಏನ್ ಗೊತ್ತಿತ್ಲಾ? ನಮ್ಮಪ್ಪ ತೀರ್ಕಂಡಾಗ ನಾನು ನಿನಗಿಂತ ಚಿಕ್ಕೋನು. ಗೊತ್ತಿರೋನಂಗೆ ಯೋಳ್ತಿದ್ದೆ, ನೀವ್ ಕೇಳ್ತಿದ್ರಿ.’ ತುಂಡು ಕಾಲಿನ ಮೇಲೆ ಪಂಚೆ ಎಳೆದುಕೊಂಡ. ‘ಅವತ್ತು ಆಸ್ಪತ್ರೇಲಿ ಯೋಳ್ದಲ್ಲ, ಅಂಗೆ ಯೋಳು.’

ಕ್ಷಮಿಸಿದನಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಎಲ್ಲ ತಿಳಿದವರೊಬ್ಬರು ಮನೆಯಲ್ಲಿದ್ದಾರೆಂದು ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿದವನಿಗೆ, ಅಂಥವರು ಎಂದೂ ಇರಲೇ ಇಲ್ಲವೆಂದು ಬೆಳಗಾದ ಮೇಲೆ ತಿಳಿದರೆ ಹೇಗಾಗಬೇಡ?

‘ರಾಗಿ’ ಎಂದೆ.

‘ಗಟ್ಯಾಗ್ ಯೋಳು.’

ಇನ್ನೊಮ್ಮೆ ಹೇಳಿದೆ. ಆ ದನಿಯನ್ನು ನಾನು ನಂಬಲಿಲ್ಲ. ಅಪ್ಪ ನಂಬಿದ.